ಮಗ ಸುಮ್ಮನೆ ನಿಂತದ್ದು

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆದರೆ ಆ ಗಾದೆ ಹೇಳುವುದಕ್ಕೂ ಬಾಯಿ ತೆರೆಯಲೇಬೇಕಲ್ಲ! ನಾನಂತೂ ಮಸ್ಕಿಯ ಶಾಲೆಯ ಮಾಸ್ತರ, ಮೇಲಾಗಿ ನಾಟಕ ಬರೆಯುವವನು. ನನ್ನ ನಾಟಕದಲ್ಲಿ ಎದೆಗೆ ಬಾಣ ನಟ್ಟವನೂ ಒಂದೂವರೆ ಪುಟ ಮಾತಾಡಿಯೇ ಸಾಯುತ್ತಿದ್ದ. ಜನ 'ವನ್ಸ್ ಮೋರ್' ಎಂದರೆ ಎದ್ದು ಹಾಡಿ ಮತ್ತೊಮ್ಮೆ ಸಾಯುತ್ತಿದ್ದ. ಅದರಿಂದ ಯಾರಿಗೂ ಬೇಸರವಿರಲಿಲ್ಲ.

ನಿಜಾಮರ ಆಳ್ವಿಕೆ ಮುಗಿದ ಹೊಸದರಲ್ಲಿ, ಮದರಾಸಿನ ಸಿನಿಮಾ ಕಂಪನಿಯೊಂದರಲ್ಲಿದ್ದ ನನ್ನ ಷಡ್ಡಕ ವೀರೇಶ ಲಿಂಗಸುಗೂರಿನ ಮಾವನ ಮನೆಗೆ ಬಂದ. ಅವರಿಗೆ ಕನ್ನಡದಲ್ಲಿ ಬರೆಯುವವನೊಬ್ಬ ಬೇಕಾಗಿತ್ತಂತೆ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹೊಸ ನಾಟಕ ಹಿಡಿದುಕೊಂಡು ಓಡಿದೆ. ಓದಿದ ವೀರೇಶ ತಲೆ ಹಿಡಿದುಕೊಂಡ.

"ಎಷ್ಟ್ ಮಾತಾಡಸ್ತೀರಿ ಮಾಸ್ತರ! ಸಿನಿಮಾದಾಗ ಮಾರಿ ಗ್ವಾಡಿಯಷ್ಟು ಕಾಣ್ತೈತಿ. ಕಣ್ಣಾಗ ನೀರು ಬಂದಮ್ಯಾಲ 'ನಾ ಅಳಾಕತ್ತೀನಿ' ಅಂತ ಹೇಳೂದ್ಯಾಕ್ರೀ? ಮುಂದಿನ ವಾರ ಸಿಂಧನೂರಾಗ ಇದನ್ನ ಆಡಸ್ತೀರಲ್ಲ, ನೋಡಿ ಹೇಳ್ತೀನಿ, ನಿಮ್ಮನ್ನ ಕರಕೊಂಡು ಹೋಗೂದೋ ಬ್ಯಾಡೋ ಅಂತ."

ಮುನಿಸಿಕೊಂಡು ಮನೆ ಬಿಟ್ಟಿದ್ದ ಮಗ ವರ್ಷಗಳ ಮೇಲೆ ತಾಯಿಯ ಮುಂದೆ ಬಂದು ನಿಲ್ಲುವ ದೃಶ್ಯವೊಂದಿತ್ತು. ಅದರ ಮಾತನ್ನೆಲ್ಲ ಹೊಡೆದುಹಾಕಿದೆ. ಹೆತ್ತ ಮಕ್ಕಳ ತಲೆ ಬೋಳಿಸಿದಷ್ಟು ಸಂಕಟವಾಯಿತು. ಇನ್ನು ಮಗ ಸುಮ್ಮನೆ ನಿಲ್ಲಬೇಕು, ತಾಯಿ ಸುಮ್ಮನೆ ನೋಡಬೇಕು, ಅಷ್ಟೆ. ನಟರಿಗೆ ಹೇಳಿದೆ. ಹಾರ್ಮೋನಿಯಂ ಪೇಟಿ ಬಾರಿಸುವವನಿಗೂ ಪರದೆಯ ಹಿಂದಿನಿಂದ ಮಾತು ಹೇಳಿಕೊಡುವವನಿಗೂ ಹೇಳಲು ಮರೆತೆ.

ಸಿಂಧನೂರಿನಲ್ಲಿ ಮಗ ಬಂದ, ನಿಂತ. ನಮ್ಮ ರಂಗದ ಮೇಲೆ ಮೌನಕ್ಕೆ ಒಂದೇ ಅರ್ಥ, ನಟ ಮಾತು ಮರೆತಿದ್ದಾನೆ. ಮಾನ ಉಳಿಸಲು ಪೇಟಿಯವನು ಮದುವೆ ಹಾಡಿನ ಧಾಟಿ ಹಿಡಿದ. ಪರದೆಯ ಹಿಂದಿನವನು ಹಳೆಯ ಮಾತನ್ನೇ ಗಟ್ಟಿಯಾಗಿ ಓದತೊಡಗಿದ. "ಮರ್ತಾನ್ರಪೋ, ಹೇಳಿಕೊಡ್ರೋ ಅವಂಗ!" ಎಂದು ಜನ ಕೂಗಿದರು. ನನ್ನ ಮದರಾಸು ಕಣ್ಣೆದುರೇ ಮುಳುಗುತ್ತಿತ್ತು.

ಆಗ ಮುಂದೆ ಕುಳಿತಿದ್ದ ಮುಕ್ಕುಂದ ಹಳ್ಳಿಯ ಅಜ್ಜಿಯೊಬ್ಬಳು ಎದ್ದಳು. "ಲೇ ತಮ್ಮಾ, ನೆನಪಾಗ್ಲಿಲ್ಲಂದ್ರ ಬಿಡು. 'ಯವ್ವಾ, ಹಸಿವಾಗೈತಿ' ಅನ್ನು. ತಾಯಿ ಎಲ್ಲಾ ಮರೀತಾಳ."

ಮಗ ಹಾಗೆಯೇ ಅಂದ. ತಾಯಿಯ ಪಾತ್ರದಲ್ಲಿದ್ದ ದರ್ಜಿ ಸಂಗಣ್ಣ ನಿಜವಾಗಿಯೇ ಅತ್ತ. ಇಡೀ ಸಭೆ ಅತ್ತಿತು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ವೀರೇಶ ಕಣ್ಣೊರೆಸಿಕೊಳ್ಳುತ್ತ ಬಂದ. ನಾನು ಕೋಟು ಸರಿಮಾಡಿಕೊಂಡು ನಿಂತೆ. ಅವನು ನನ್ನನ್ನು ದಾಟಿ ನೇರವಾಗಿ ಅಜ್ಜಿಯ ಹತ್ತಿರ ಹೋದ. "ಅಜ್ಜೀ, ಸಿನಿಮಾಕ್ಕ ಮಾತು ಬೇಕಾಗ್ಯಾವ, ಮದರಾಸಿಗೆ ಬರ್ತೀಯೇನು?"

"ಅಯ್ಯ ನನ್ನಪ್ಪಾ, ಹೊಲದಾಗ ಜೋಳ ಕೊಯ್ಯೂದೈತಿ," ಎಂದಳು ಅಜ್ಜಿ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಈ ಮಾಸ್ತರನ್ನ ಒಯ್ಯಿ. ಖಾಲಿ ಅದಾನ."

ಹೀಗೆ ಅಜ್ಜಿಯ ಶಿಫಾರಸಿನ ಮೇಲೆ ನಾನು ಸಿನಿಮಾ ಸೇರಿದೆ.