ಹೆಂಡತಿಯ ಹೆಸರಿನಲ್ಲೊಂದು ಕಾದಂಬರಿ

ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂರುವ ನನ್ನ ವಯಸ್ಸಿನ ಗಂಡಸರು ತಮ್ಮ ಕಾಯಿಲೆಗಳನ್ನು ಮುಚ್ಚಿಡುವುದಿಲ್ಲ. ಬಿ.ಪಿ. ಎಷ್ಟು, ತಿಂಡಿಗೆ ಮುಂಚೆ ಶುಗರ್ ಎಷ್ಟು, ತಿಂಡಿಯಾದ ಮೇಲೆ ಎಷ್ಟು, ರಾತ್ರಿ ಎಷ್ಟು ಸಲ ಏಳಬೇಕಾಗುತ್ತೆ ಎಂಬುದನ್ನೆಲ್ಲ ಮುಖಪರಿಚಯವಷ್ಟೇ ಇರುವವರ ಮುಂದೆಯೂ ಧಾರಾಳವಾಗಿ ಹೇಳಿಕೊಳ್ಳುತ್ತಾರೆ. ಆದರೆ ‘ನಂಗೆ ಹೊಟ್ಟೆಕಿಚ್ಚು ಇದೆ ಕಣ್ರೀ’ ಎಂದು ಬಾಯಿಬಿಟ್ಟು ಹೇಳಿದ ಒಬ್ಬನೇ ಒಬ್ಬ ಮನುಷ್ಯನನ್ನು ಈ ಪದ್ಮನಾಭನಗರದಲ್ಲಿ ನಾನು ಕಂಡಿಲ್ಲ. ಯಾರಾದರೂ ಶುರು ಮಾಡಬೇಕಲ್ಲ, ನಾನೇ ಮಾಡುತ್ತೇನೆ. ನನಗಿದೆ. ಚೆನ್ನಾಗಿಯೇ ಇದೆ. ಪಕ್ಕದ ಮನೆಯವರ ಕಾರಿನ ಮೇಲೋ, ಷಡ್ಡಕನ ಮೂರಂತಸ್ತಿನ ಮನೆಯ ಮೇಲೋ ಬಂದಿದ್ದರೆ ನಾಲ್ಕು ಜನರ ಮುಂದೆ ಮರ್ಯಾದೆಯಾಗಿ ಹೇಳಿಕೊಳ್ಳಬಹುದಿತ್ತು. ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಪಡದವನು ಗಂಡಸೇ ಅಲ್ಲ ಎಂದು ನಮ್ಮ ಮನೆತನದಲ್ಲಿ ಒಂದು ನಂಬಿಕೆ. ನನಗೆ ಬಂದಿರುವುದು ಸ್ವಂತ ಹೆಂಡತಿಯ ಮೇಲೆ, ಅದೂ ಅವಳು ಬರೆದ ಒಂದು ಕಾದಂಬರಿಯ ದೆಸೆಯಿಂದ.

ನಮ್ಮ ಮನೆಯಲ್ಲಿ ಸಾಹಿತಿ ಎಂದರೆ ನಾನು. ವಿಮಾ ಕಚೇರಿಯಲ್ಲಿ ಕೂತು ಮೂವತ್ತೈದು ವರ್ಷ ಜನರ ಸಾವಿನ ಕ್ಲೇಮುಗಳನ್ನು ನೋಡಿದವನು ಹಾಸ್ಯ ಬರೆಯದೆ ಇನ್ನೇನು ಬರೆದಾನು? ಮೂರು ಪ್ರಬಂಧ ಸಂಕಲನಗಳನ್ನು ತಂದಿದ್ದೇನೆ. ನೆಂಟರ ಮದುವೆಗಳಲ್ಲಿ ತಾಂಬೂಲದ ಜೊತೆ ಅವನ್ನೂ ಕೊಡಿಸುತ್ತಿದ್ದೆ. ತೆಂಗಿನಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಪುಸ್ತಕವನ್ನು ಕುರ್ಚಿಯ ಮೇಲೇ ಬಿಟ್ಟುಹೋದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉಳಿದ ಪ್ರತಿಗಳು ನಮ್ಮ ಅಟ್ಟದ ಮೇಲೆ ಕ್ಷೇಮವಾಗಿವೆ. ನನ್ನ ಹೆಂಡತಿ ರುಕ್ಮಿಣಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಟ್ರಂಕ್ ಕಾಲ್ ಕಾಲದಲ್ಲಿ ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಬೋರ್ಡಿನ ಮುಂದೆ ಕೂತು, ಊರೂರಿಗೆ ತಂತಿ ಚುಚ್ಚಿ, ಯಾರದೋ ಬಾಣಂತನ, ಯಾರದೋ ಸಾವು, ಯಾರದೋ ಜಗಳ ಎಲ್ಲವನ್ನೂ ಜೋಡಿಸಿಕೊಟ್ಟವಳು. ರಿಟೈರ್ ಆದ ಮೇಲೆ ಮಧ್ಯಾಹ್ನದ ಪಾತ್ರೆ ಎತ್ತಿಟ್ಟು ಊಟದ ಟೇಬಲ್ಲಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಎರಡು ವರ್ಷ ಏನೋ ಬರೆದಳು. ರಾಮಕೋಟಿ ಬರೀತಿದ್ದಾಳೆ ಅಂದುಕೊಂಡು ನಾನು ಸುಮ್ಮನಿದ್ದೆ. ಒಂದು ದಿನ ಪ್ರಕಾಶಕರು ಪುಸ್ತಕದ ಕಟ್ಟು ತಂದು ಜಗುಲಿಯ ಮೇಲೆ ಇಳಿಸಿದಾಗಲೇ ಅದು ಕಾದಂಬರಿ ಎಂದು ಗೊತ್ತಾದದ್ದು.

ಎಂಟು ತಿಂಗಳಲ್ಲಿ ಎರಡನೇ ಮುದ್ರಣ! ಫೋನ್ ಬಂದರೆ ‘ಮೇಡಂ ಇದಾರಾ?’ ನಾನು ‘ಇಲ್ಲ, ನಾನು ಮಾತಾಡ್ತಿರೋದು, ನಾನೂ ಲೇಖಕನೇ’ ಎಂದರೆ ‘ಹೌದಾ ಸಾರ್, ಒಳ್ಳೇದು, ಮೇಡಂ ಎಷ್ಟೊತ್ತಿಗೆ ಬರ್ತಾರೆ?’ ಜಯನಗರದ ಮಾರ್ಕೆಟ್ಟಿನಲ್ಲಿ ಹುರುಳಿಕಾಯಿ ಆರಿಸುತ್ತಿದ್ದವನನ್ನು ಒಬ್ಬ ಹೆಣ್ಣುಮಗಳು ತಡೆದು, ‘ಅಂಕಲ್, ನೀವು ರುಕ್ಮಿಣಿ ಮೇಡಂ ಹಸ್ಬೆಂಡಾ? ಅಯ್ಯೋ, ಎಷ್ಟು ಪುಣ್ಯ ಮಾಡಿದ್ರಿ!’ ಎಂದಳು. ನಾನು ಹಲ್ಲು ಕಿರಿದೆ. ಆವತ್ತು ಮನೆಗೆ ತಂದ ಹುರುಳಿಕಾಯಿಯಲ್ಲಿ ಅರ್ಧ ಬಲಿತಿದ್ದವು. ಅಷ್ಟು ಉರಿದಿತ್ತು ನನಗೆ. ಹಾಗಾದರೆ ನೀನು ಆ ಕಾದಂಬರಿ ಓದಿದೆಯೇನಯ್ಯ ಎಂದು ನೀವು ಕೇಳಬಹುದು. ಹನ್ನೊಂದು ಪುಟ ಓದಿದ್ದೆ. ನಲವತ್ತೆರಡು ವರ್ಷ ಜೊತೆಯಲ್ಲಿ ಬಾಳಿದವಳು, ಅವಳು ಬರೆದದ್ದರಲ್ಲಿ ನನಗೆ ಗೊತ್ತಿಲ್ಲದ್ದು ಏನಿರುತ್ತೆ ಮಹಾ ಎಂದು ಅಲ್ಲಿಗೆ ಮಡಚಿಟ್ಟು, ‘ಓದಿದೆ ರುಕ್ಕು, ಚೆನ್ನಾಗಿದೆ’ ಎಂದಿದ್ದೆ. ಅವಳು ‘ಹೌದಾ’ ಎಂದು ಒಗ್ಗರಣೆಗೆ ಸಾಸಿವೆ ಹಾಕಿದಳು.

ಆ ದಿನಗಳಲ್ಲಿ ನನಗಿದ್ದ ಒಂದೇ ಸಮಾಧಾನವೆಂದರೆ ಪಾರ್ಕಿನ ಬೆಂಚು. ಅಲ್ಲಿ ವಾಕಿಂಗ್ ಮುಗಿಸಿ ಕೂರುವ ನಮ್ಮ ಗುಂಪಿನಲ್ಲಿ ಇಬ್ಬರು ಮುಖ್ಯರು. ಒಬ್ಬರು ಅನಂತಯ್ಯ, ರಿಟೈರ್ಡ್ ಎಂಜಿನಿಯರು, ಹಿರಿಯ ನಾಗರಿಕರ ಸಂಘದ ಕಾರ್ಯದರ್ಶಿ. ಇನ್ನೊಬ್ಬರು ಚಿಕ್ಕಲಸಂದ್ರದ ನಂಜಪ್ಪಗೌಡರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ನಾಲ್ಕು ಬಾಡಿಗೆ ಬಿಲ್ಡಿಂಗುಗಳು ಬೆಳೆದಿವೆ. ರುಕ್ಕುವಿನ ಪುಸ್ತಕದ ಮಾತು ಬಂದಾಗ ಅನಂತಯ್ಯ ಕೈಯಾಡಿಸಿಬಿಟ್ಟಿದ್ದರು. ‘ತಪ್ಪು ತಿಳ್ಕೋಬೇಡಿ ಸಾರ್, ಹೆಂಗಸರು ಬರ್ದಿದ್ದನ್ನ ನಾನು ಮುಟ್ಟಲ್ಲ. ಅದೇ ಅತ್ತೆ, ಅದೇ ಸೊಸೆ, ಕೊನೆಗೊಂದು ಸೀಮಂತ. ನಮ್ಮನೆಯವಳು ಓದ್ತಾಳೆ, ಆ ಡಿಪಾರ್ಟ್‌ಮೆಂಟ್ ಅವಳಿಗೆ ಬಿಟ್ಟಿದೀನಿ.’ ಗಂಡನಾದವನಿಗೆ ಈ ಮಾತು ಕೇಳಿ ಸಿಟ್ಟು ಬರಬೇಕು. ನನಗೆ ಹೊಟ್ಟೆಗೆ ನೀರುಮಜ್ಜಿಗೆ ಬಿದ್ದ ಹಾಗಾಯಿತು. ಮುಖ ಮಾತ್ರ ಗಂಭೀರವಾಗಿಟ್ಟುಕೊಂಡು, ‘ಅವರವರ ಅಭಿರುಚಿ ಸಾರ್’ ಎಂದೆ.

ಎಲ್ಲ ಹಾಳಾದದ್ದು ಬ್ರೌನ್ ಪೇಪರಿನಿಂದ. ಅನಂತಯ್ಯನವರ ಶ್ರೀಮತಿ ಲಲಿತಮ್ಮ ಸ್ಕೂಲ್ ಮಕ್ಕಳ ಪುಸ್ತಕಕ್ಕೆ ಹಾಕುವ ಹಾಗೆ ಮನೆಗೆ ಬಂದ ಪ್ರತಿಯೊಂದು ಪುಸ್ತಕಕ್ಕೂ ಬ್ರೌನ್ ಪೇಪರಿನ ಬೈಂಡ್ ಹಾಕುತ್ತಾರೆ. ಓದುವುದು ಅಡುಗೆಮನೆ ಕಟ್ಟೆಯ ಹತ್ತಿರ, ಅರಿಶಿನದ ಕೈ, ಎಣ್ಣೆ ಕೈ, ಪುಸ್ತಕ ಹಾಳಾಗಬಾರದಲ್ಲ. ಒಂದು ದಿನ ಅನಂತಯ್ಯ ರಕ್ತಪರೀಕ್ಷೆಗೆ ಜೆ.ಪಿ. ನಗರಕ್ಕೆ ಹೊರಟವರು, ಅಲ್ಲಿ ಕಾಯುವಾಗ ಬೇಕಾದೀತು ಎಂದು ಟೀಪಾಯಿಯ ಮೇಲಿದ್ದ ಬ್ರೌನ್ ಪೇಪರಿನ ಪುಸ್ತಕವೊಂದನ್ನು ತಮ್ಮದೇ ಎಂದುಕೊಂಡು ಎತ್ತಿಕೊಂಡು ಹೋಗಿದ್ದಾರೆ. ಮುನ್ನುಡಿ, ಅರಿಕೆ, ಅರ್ಪಣೆಗಳನ್ನೆಲ್ಲ ಹಾರಿಸಿ ನೇರ ಮೊದಲನೇ ಅಧ್ಯಾಯಕ್ಕೆ ಇಳಿಯುವ ಜಾತಿ ಅವರದು. ಮಾರನೆಯ ಬೆಳಗ್ಗೆ ಬೆಂಚಿಗೆ ಪುಸ್ತಕವನ್ನೇ ಹಿಡಿದುಕೊಂಡು ಬಂದರು. ‘ಏನ್ ಬರ್ದಿದಾನೆ ಸಾರ್! ಆ ಟ್ರಂಕ್ ಬೋರ್ಡು, ಆ ಸ್ಟ್ರೈಕು, ಮಿನಿಸ್ಟ್ರು ಬಾಯಿಗೆ ಬಂದಂಗೆ ಬೈದಾಗ ಆ ಹುಡುಗಿ ಲೈನ್ ಕಿತ್ತು ಬಿಸಾಕೋದು! ಇದಪ್ಪಾ ಗಂಡು ಬರವಣಿಗೆ ಅಂದ್ರೆ! ತಾಳಿ, ಯಾರು ಪುಣ್ಯಾತ್ಮ ನೋಡೋಣ’ ಎಂದು ಮೊದಲ ಪುಟ ತಿರುವಿದರು.

ಅಲ್ಲಿದ್ದದ್ದು ರುಕ್ಕುವಿನ ಹೆಸರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇನ್ನೊಂದು ಸಲ ನೋಡಿದರು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ, ‘ಸಾರ್, ಒಪ್ಕೊಂಡ್ಬಿಡಿ. ನೀವೇ ತಾನೆ?’ ಎಂದರು. ಪಕ್ಕದಲ್ಲಿದ್ದ ಗೌಡರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ. ‘ಅದ್ರಾಗೇನೈತೆ ಬುಡಿ. ನಾವು ಹೆಂಡ್ರ ಹೆಸ್ರಿಗೆ ಸೈಟ್ ಮಾಡ್ಸಕ್ಕಿಲ್ವಾ? ಇವ್ರು ಕಾದಂಬ್ರಿ ಮಾಡ್ಸವ್ರೆ.’

‘ನಾನಲ್ಲ’ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ? ಬಾಯಿ ತೆರೆದೆ ಕೂಡ. ಆದರೆ ಮೂರು ಪುಸ್ತಕ ಬರೆದರೂ ಯಾರೂ ನನ್ನನ್ನು ಆ ಕಣ್ಣಲ್ಲಿ ನೋಡಿರಲಿಲ್ಲ. ಮಫ್ಲರ್ ಸರಿಮಾಡಿಕೊಂಡು ಒಂದು ಸಣ್ಣ ನಗೆ ನಕ್ಕೆ, ಅಷ್ಟೇ. ಅವರು ಅದನ್ನು ಹೇಗೆ ಬೇಕೋ ಹಾಗೆ ಅರ್ಥ ಮಾಡಿಕೊಂಡು ಪರಿಚಯದವರಿಗೆಲ್ಲ ಗುಟ್ಟಾಗಿ ಹೇಳಿದರು. ಮುಂದಿನ ಹತ್ತು ದಿನ ನನಗೆ ಸುಖವೋ ಸುಖ. ದರ್ಶಿನಿಯಲ್ಲಿ ಕಾಫಿ ಹಿಡಿದು ನಿಂತರೆ ಅಪರಿಚಿತರು ಬಂದು ನಮಸ್ಕಾರ ಮಾಡುತ್ತಿದ್ದರು. ‘ಲೈನ್ ಕೀಳೋ ಸೀನು ಹೆಂಗೆ ಹೊಳೀತು ಸಾರ್?’ ಎಂದು ಕೇಳಿದರೆ, ಹನ್ನೊಂದನೇ ಪುಟದಾಚೆ ಕಾಲಿಡದ ನಾನು ಆಕಾಶ ನೋಡಿ, ‘ಅದು ತಾನಾಗೇ ಬಂತಪ್ಪ’ ಎನ್ನುತ್ತಿದ್ದೆ. ಹೆಂಡತಿಯ ಮೇಲಿನ ಹೊಟ್ಟೆಕಿಚ್ಚು ಕೂಡ ಆಗ ಸ್ವಲ್ಪ ಆರಿತ್ತು. ಕದ್ದ ಮಾಲಿನ ಮೇಲೆ ಹೊಟ್ಟೆಕಿಚ್ಚು ಹೇಗೆ ಬರುತ್ತೆ?

ಅಷ್ಟರಲ್ಲಿ ಅನಂತಯ್ಯ ಸಂಘದ ಹಾಲಿನಲ್ಲಿ ಭಾನುವಾರ ಕೃತಿ ಸಂವಾದ ಇಟ್ಟರು. ರುಕ್ಕುವಿಗೆ ಮನೆಗೇ ಬಂದು ಆಹ್ವಾನ ಕೊಟ್ಟು, ಗೇಟಿನವರೆಗೆ ಬೀಳ್ಕೊಡಲು ಹೋದ ನನ್ನ ಕಿವಿಯಲ್ಲಿ, ‘ಆವತ್ತು ವೇದಿಕೆ ಮೇಲೆ ನಿಜ ಹೇಳ್ಬಿಡ್ತೀನಿ ಸಾರ್. ಎಷ್ಟು ದಿನ ಅಂತ ಮರೇಲಿರ್ತೀರಿ?’ ಎಂದರು. ಲೋಕದ ಮುಂದೆ ಕಳ್ಳನಾದರೆ ಹೇಗೋ ತಡೆದುಕೊಳ್ಳಬಹುದು, ರುಕ್ಕುವಿನ ಮುಂದೆ ಆಗುವುದುಂಟೇ? ಅವರ ಎರಡೂ ಕೈ ಹಿಡಿದುಕೊಂಡು, ‘ಅನಂತಯ್ಯನೋರೇ, ದೇವರಾಣೆ ಅದನ್ನ ಬರ್ದೋಳು ಅವಳೇ’ ಎಂದೆ. ಅವರ ಕಣ್ಣು ಒದ್ದೆಯಾಯಿತು. ‘ಎಂಥಾ ದೊಡ್ಡ ಮನಸ್ಸು ಸಾರ್ ನಿಮ್ದು!’ ಎಂದು ಸ್ಕೂಟರ್ ಹತ್ತಿ ಹೋದರು. ನಾನು ಗೇಟು ಹಿಡಿದುಕೊಂಡು ನಿಂತೇ ಇದ್ದೆ.

ಶನಿವಾರ ರುಕ್ಕು ತಂಗಿಯ ಮನೆಗೆ ಹೋದಳು. ಇನ್ನು ದಾರಿಯಿಲ್ಲ ಎಂದು ನಾನು ಕಾದಂಬರಿ ಹಿಡಿದು ಹನ್ನೆರಡನೇ ಪುಟದಿಂದ ಶುರುಮಾಡಿದೆ. ಬೆಳಗ್ಗೆ ಹತ್ತಕ್ಕೆ ಕೂತವನು ಎದ್ದದ್ದು ನಾಲ್ಕಕ್ಕೆ, ಊಟ ಕೂಡ ಮರೆತಿದ್ದೆ. ಏನು ಹೇಳಲಿ? ಚೆನ್ನಾಗಿತ್ತು. ಚೆನ್ನಾಗಿತ್ತು ಎಂದರೆ ನನ್ನ ಕೈಯಲ್ಲಿ ಏಳು ಜನ್ಮಕ್ಕೂ ಆಗದಷ್ಟು ಚೆನ್ನಾಗಿತ್ತು. ಪ್ರತಿ ಹತ್ತು ಪುಟಕ್ಕೊಮ್ಮೆ ಪುಸ್ತಕ ಮುಚ್ಚಿ, ‘ಥೂ, ಎಲ್ಲಿಂದ ಬಂತು ಇವಳಿಗೆ ಇದು!’ ಎಂದು ಬೈದುಕೊಳ್ಳುತ್ತಿದ್ದೆ. ಅಲ್ಲಿಯವರೆಗೆ ನನಗಿದ್ದದ್ದು ಹೆಸರಿನ ಮೇಲಿನ ಹೊಟ್ಟೆಕಿಚ್ಚು, ಎರಡನೇ ಮುದ್ರಣದ ಮೇಲಿನ ಹೊಟ್ಟೆಕಿಚ್ಚು. ಆವತ್ತು ಬಂದದ್ದು ಅಸಲಿ. ನೂರ ನಲವತ್ತನೇ ಪುಟಕ್ಕೆ ಬಂದಾಗ ಮಾತ್ರ ಬೈಯಲು ಬಾಯಿ ಬರಲಿಲ್ಲ. ಅಲ್ಲಿ ಆಪರೇಟರ್ ಹೆಂಗಸಿಗೆ ವರ್ಷಾನುಗಟ್ಟಲೆ ಹೆಡ್‌ಸೆಟ್ ಹಾಕಿ ಎಡಗಿವಿ ಮಂದವಾಗಿದೆ. ಅವಳ ಗಂಡನಿಗೆ ಪದ್ಯ ಬರೆಯುವ ಚಟ. ದಿನಾ ಸಾಯಂಕಾಲ ಸೋಫಾದಲ್ಲಿ ಅವಳ ಎಡಗಡೆಯೇ ಕೂತು ಪದ್ಯ ಓದುತ್ತಾನೆ. ಅವಳು ತಲೆಯಾಡಿಸುತ್ತಾಳೆ. ಒಂದು ದಿನವಾದರೂ ಬಲಗಡೆ ಬಂದು ಕೂತರೆ ಹೇಳೋಣ ಎಂದುಕೊಳ್ಳುತ್ತಾಳೆ, ಅವನು ಬರುವುದಿಲ್ಲ.

ನಾನು ಎದ್ದು ಹೋಗಿ ನಮ್ಮ ಸೋಫಾ ನೋಡಿದೆ. ಫ್ಯಾನಿನ ಗಾಳಿ ಚೆನ್ನಾಗಿ ಬರುತ್ತೆ ಎಂದು ನಾನು ಯಾವಾಗಲೂ ಕೂರುವ ಜಾಗ ಅವಳ ಎಡಗಡೆ. ನನ್ನ ಮೂರು ಪುಸ್ತಕಗಳನ್ನೂ ಒಂದಕ್ಷರ ಬಿಡದೆ ಅಲ್ಲೇ ಕೂತು ಅವಳಿಗೆ ಓದಿ ಹೇಳಿದ್ದೇನೆ. ‘ಹೆಂಗಿದೆ?’ ಎಂದರೆ ‘ಹ್ಞೂಂ, ಚೆನ್ನಾಗಿದೆ’ ಎನ್ನುತ್ತಿದ್ದಳು. ಕೆಲವು ಸಲ ಕರೆದರೆ ಓಗೊಡದಿದ್ದಾಗ, ‘ಸರ್ಕಾರಿ ಸಂಬಳದ ಜಂಬ ನಿಂಗೆ’ ಎಂದು ನಾನು ಕೂಗಾಡಿದ್ದೂ ಉಂಟು. ಆವತ್ತು ಸಾಯಂಕಾಲ ಅವಳು ಮನೆಗೆ ಬಂದಾಗ ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು.

ಭಾನುವಾರ ಸಂಘದ ಹಾಲು ಜನರಿಂದ ತುಂಬಿತ್ತು. ಗಂಡಸರೆಲ್ಲ ಮುಂದಿನ ಸಾಲು, ಲಲಿತಮ್ಮ ಮತ್ತು ಉಳಿದ ಹೆಂಗಸರು ಹಿಂದಿನ ಸಾಲು. ಅನಂತಯ್ಯ ಮೈಕ್ ಹಿಡಿದು ಗಂಟಲು ಸರಿಮಾಡಿಕೊಂಡು, ‘ಈ ಕೃತಿಯ ಹಿಂದೆ ಒಂದು ತೆರೆಮರೆಯ ಶಕ್ತಿ ಇದೆ. ಪಾರ್ಕಿನಲ್ಲಿ ನಾವು ಕೇಳಿದಾಗ ಸಾರ್ ಬರೀ ನಕ್ಕರು. ಆ ನಗುವೇ ನಮಗೆ ಉತ್ತರ’ ಎಂದು ನನ್ನ ಕಡೆ ಕೈ ತೋರಿಸಿದರು. ವೇದಿಕೆಯ ಮೇಲಿದ್ದ ರುಕ್ಕು ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಎದ್ದು ನಿಂತೆ. ‘ನಕ್ಕಿದ್ದು ನಿಜ. ಅದು ತಪ್ಪು. ನಾನು ಬರ್ದಿಲ್ಲ. ಬರಿಯೋದಿರ್ಲಿ, ನಿನ್ನೆವರೆಗೂ ಓದಿರ್ಲೂ ಇಲ್ಲ’ ಎಂದೆ. ಮುಂದಿನ ಸಾಲು ಚಪ್ಪಾಳೆ ಹೊಡೆಯಿತು. ‘ನೋಡಿ, ಎಂಥಾ ಹ್ಯೂಮರು!’ ಎಂದರು ಯಾರೋ. ಹಿಂದಿನ ಸಾಲಿನಲ್ಲಿ ಒಬ್ಬರೂ ಕೈ ತಟ್ಟಲಿಲ್ಲ.

ರುಕ್ಕು ಮೈಕ್ ತೆಗೆದುಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ಟ್ರಂಕ್ ಬೋರ್ಡಿನ ಮುಂದೆ ಕೂತವಳ ದನಿ.

‘ರೀ, ನಂಗೆ ಯಾವ ಕಿವಿ ಮಂದ?’

‘ಎಡಗಿವಿ.’

‘ಯಾವಾಗಿಂದ?’

‘ಇಪ್ಪತ್ತು ವರ್ಷದ ಮೇಲಾಗಿರ್ಬೇಕು.’

‘ನಿಮಗೆ ಯಾವಾಗ ಗೊತ್ತಾಯ್ತು?’

‘ನಿನ್ನೆ.’

‘ಹೆಂಗೆ?’

‘ನೂರ ನಲವತ್ತನೇ ಪುಟದಲ್ಲಿ.’

ಗೌಡರು ಮೊದಲು ಬಾಯಿ ತೆರೆದು, ‘ಅಲ್ಲಿಗೆ ಸೈಟು ಆಯಮ್ಮಂದೇ ಬುಡ್ರಪ್ಪ’ ಎಂದರು. ಹಿಂದಿನ ಸಾಲಿನವರು ಈಗ ಚಪ್ಪಾಳೆ ಹೊಡೆದರು, ಲಲಿತಮ್ಮನಂತೂ ಎದ್ದು ನಿಂತೇ ಹೊಡೆದರು. ಅನಂತಯ್ಯ ಪಾಪ, ತಲೆ ಕೆರೆದುಕೊಳ್ಳುತ್ತಾ ನಿಂತಿದ್ದರು. ಒಂದು ಮನೆಯಲ್ಲಿ ಇಬ್ಬರು ಬರೆಯುವವರು ಇರಬಹುದು ಎಂಬುದು ಅವರ ಎಂಜಿನಿಯರಿಂಗ್ ಬುದ್ಧಿಗೆ ಇನ್ನೂ ಹಿಡಿಸುತ್ತಿರಲಿಲ್ಲ. ಕೊನೆಗೆ ಒಂದು ತೀರ್ಮಾನಕ್ಕೆ ಬಂದವರಂತೆ, ಬಹಳ ವಿನಯದಿಂದ ಕೇಳಿದರು: ‘ಹಾಗಾದ್ರೆ ಮೇಡಂ, ಸಾರ್ ಅವರ ಆ ಮೂರು ಪುಸ್ತಕಾನೂ ನೀವೇ ಬರ್ದುಕೊಟ್ಟಿದ್ದಾ?’

‘ಅಯ್ಯೋ ರಾಮ, ಇಲ್ಲಪ್ಪ!’ ಎಂದಳು ರುಕ್ಕು. ‘ಅವೆಲ್ಲ ಅವರೇ ಬರ್ದಿದ್ದು. ಓದಿದ್ರೆ ಗೊತ್ತಾಗುತ್ತಲ್ಲ.’

ಇಡೀ ಹಾಲು ನಕ್ಕಿತು. ಗೌಡರು ತೊಡೆ ತಟ್ಟಿಕೊಂಡು ನಕ್ಕರು, ಅನಂತಯ್ಯ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಾಸ್ಯ ಲೇಖಕ ಎಂದು ಕಾರ್ಡು ಹೊಡೆಸಿಕೊಂಡಿರುವವನು ನಾನು. ನನ್ನ ಮೂರು ಪುಸ್ತಕ ಸೇರಿದರೂ ಬಾರದ ನಗುವನ್ನು ಅವಳು ಒಂದು ಮಾತಿನಲ್ಲಿ ತರಿಸಿ ಸುಮ್ಮನೆ ಕೂತಿದ್ದಳು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ನಗುತ್ತಲೇ, ಹಾಳಾದ್ದು ಆ ಮಾತು ನನಗೇಕೆ ಹೊಳೆಯಲಿಲ್ಲ ಎಂದು ಒಳಗೊಳಗೇ ಉರಿಯುತ್ತಿದ್ದೆ.