ಅಡ್ಮಿಷನ್‌ಗಿಂತ ಮೊದಲು ಹೊಲಿದ ಬ್ಲೇಜರ್

ಹರಿಹರದ ಬಜಾರಿನಲ್ಲಿ ನನ್ನದೊಂದು ಟೈಲರ್ ಅಂಗಡಿ. ಬಟ್ಟೆ ನೋಡಿ ಮನುಷ್ಯನ ಯೋಗ್ಯತೆ ಹೇಳಬಲ್ಲೆ ಎಂಬುದು ನನ್ನ ದೃಢವಾದ ನಂಬಿಕೆ. ಹಾಗಿರುವಾಗ ಕಾಲೇಜಿನ ಯೋಗ್ಯತೆ ಹೇಳುವುದು ಯಾವ ಮಹಾ ಕೆಲಸ!

ಮಗಳು ರೇಖಾ ಒಳ್ಳೆಯ ಅಂಕ ತೆಗೆದು ಹತ್ತನೇ ಕ್ಲಾಸು ಮುಗಿಸಿದ ಹೊತ್ತಿಗೇ, ದಾವಣಗೆರೆಯ ಹೆಸರಾಂತ ಪಿಯು ಕಾಲೇಜೊಂದರ ಬ್ಲೇಜರ್ ತೋಳು ಗಿಡ್ಡ ಮಾಡಿಸಿಕೊಳ್ಳಲು ನನ್ನ ಅಂಗಡಿಗೆ ಬಂತು. ಬಂದದ್ದು ಬ್ಲೇಜರ್ ಅಲ್ಲ, ಸಾಕ್ಷಾತ್ ಸರಸ್ವತಿ! ಎಂಥ ಕಾಲರ್, ಎಂಥ ಅಸ್ತರ್, ಎದೆಯ ಮೇಲೆ ಬಂಗಾರದ ದಾರದಲ್ಲಿ ಕಸೂತಿ ಮಾಡಿದ ಸಿಂಹ! ಇಂಥ ಕೋಟು ಹಾಕಿಸುವ ಕಾಲೇಜಿನಲ್ಲಿ ಪಾಠ ಕೆಟ್ಟದಾಗಿರಲು ಸಾಧ್ಯವೇ? ಮಗಳು ಅಲ್ಲೇ ಓದತಕ್ಕದ್ದು ಎಂದು ಠರಾವು ಮಾಡಿದೆ.

"ಫೀಸು ಎಷ್ಟೈತಂತೆ?" ಎಂದಳು ಹೆಂಡತಿ ಗಿರಿಜಾ.

"ಬಟ್ಟೆ ನೋಡಿದ್ರೆ ಗೊತ್ತಾಗಲ್ವೇನೇ?"

"ಗೊತ್ತಾಗ್ತೈತ್ರಿ. ಅದಕ್ಕೇ ಕೇಳಿದ್ದು."

ರೇಖಾ ಮೆಲ್ಲಗೆ ಬಾಯಿ ಬಿಟ್ಟಳು. "ಅಪ್ಪಾ, ನಂಗೆ ಕಾಮರ್ಸ್ ಬೇಕು. ನಮ್ಮೂರ ಸರ್ಕಾರಿ ಕಾಲೇಜಲ್ಲೇ ಐತೆ. ಅಕೌಂಟ್ಸ್ ಮೇಡಮ್ಮು ಚೆನ್ನಾಗಿ ಕಲಿಸ್ತಾರಂತೆ. ದಾವಣಗೆರೇಲಿ ಕಾಮರ್ಸ್ ಐತಾ, ಕೇಳಿದ್ರಾ?"

"ಅಷ್ಟು ದೊಡ್ಡ ಕಾಲೇಜು, ಕಾಮರ್ಸ್ ಇಲ್ದೇ ಇರ್ತೈತಾ? ಸುಮ್ನಿರವ್ವ!"

ಅಂದೇ ಬ್ಲೇಜರಿನ ನಕಲು ಹೊಲಿಯಲು ಕೂತೆ. ಸಿಂಹದ ಮೀಸೆಯ ಒಂದು ಕೂದಲೂ ತಪ್ಪಲಿಲ್ಲ. ಎದುರಿನ ಬಟ್ಟೆ ಅಂಗಡಿಯ ರಹಮತ್ ಸಾಬರು ಇಣುಕಿದರು.

"ಏನ್ ಮಾಸ್ಟರ್, ಸೀಟು ಸಿಕ್ತಾ?"

"ಕೋಟೇ ರೆಡಿ ಆಗೈತೆ ಸಾಬ್ರೆ, ಸೀಟೇನು ಮಹಾ!"

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದಂಗಾತು ಬಿಡ್ರಿ."

"ಕುಲಾವಿ ಹೊಲಿಯೋದು ನಮ್ ಕಸುಬೇ ಅಲ್ವೇನ್ರಿ?" ಎಂದೆ. ಎಂಥ ಉತ್ತರ ಕೊಟ್ಟೆ ಎಂದು ಆ ದಿನವೆಲ್ಲ ಬೀಗಿದೆ.

ಕಾಜಾ, ಗುಂಡಿ ಎಲ್ಲ ಮುಗಿದು ನಾವು ದಾವಣಗೆರೆಗೆ ಹೊರಟ ದಿನ, ಹರಿಹರದ ಕಾಲೇಜಿನಲ್ಲಿ ಅಡ್ಮಿಷನ್‌ಗೆ ಕೊನೆಯ ದಿನ. ರೇಖಾ ಬಸ್ಸಿನಲ್ಲಿ ಇದನ್ನು ನೆನಪಿಸಿದಳು. ನಾನು ಅವಳು ತೊಟ್ಟಿದ್ದ ಬ್ಲೇಜರಿನ ಕಾಲರ್ ಸರಿಮಾಡಿದೆ.

ಗೇಟಿನಲ್ಲಿ ವಾಚ್‌ಮನ್ ಅವಳನ್ನು ನೋಡಿದವನೇ ಗದರಿದ. "ಸೆಕೆಂಡ್ ಇಯರ್ ಕ್ಲಾಸ್ ಶುರುವಾಗೈತೆ, ಓಡಮ್ಮ ಒಳಗೆ!" ಅವಳು ಒಳಗೆ ಹೋದಳು. ನನ್ನ ಎದುರಿಗೆ ಮಾತ್ರ ಲಾಠಿ ಅಡ್ಡ ಬಂತು. "ಪೇರೆಂಟ್ಸು ಶನಿವಾರ ಬರ್ರಿ." ನಾನು ಹೊಲಿದ ಕೋಟಿಗೆ ಪ್ರವೇಶ ಉಂಟು, ನನಗಿಲ್ಲ!

ಸ್ವಲ್ಪ ಹೊತ್ತಿಗೆ ರೇಖಾ ಆಫೀಸಿನಲ್ಲಿ ವಿಚಾರಿಸಿಕೊಂಡು ಬಂದಳು. "ಅಪ್ಪಾ, ಇಲ್ಲಿ ಬರೀ ಸೈನ್ಸು. ಕಾಮರ್ಸೇ ಇಲ್ಲ." ಆಮೇಲೆ ಫೀಸು ಎಷ್ಟೆಂದು ಕಿವಿಯಲ್ಲಿ ಹೇಳಿದಳು. ನಾನು ಗೇಟಿನ ಕಂಬ ಹಿಡಿದುಕೊಂಡೆ. ವಾಚ್‌ಮನ್ ತನ್ನ ಸ್ಟೂಲು ಸರಿಸಿದ.

"ಕೂಡ್ರಿ ಯಜಮಾನ್ರೆ. ಫೀಸು ಕೇಳಿದೋರೆಲ್ಲ ಇಲ್ಲೇ ಕೂಡೋದು."

ರೇಖಾಳ ಕಣ್ಣಲ್ಲಿ ನೀರು. "ಊರಲ್ಲಿರೋ ಸೀಟೂ ಹೋಗ್ತೈತಪ್ಪಾ." ಸಿಕ್ಕ ಬಸ್ಸು ಹತ್ತಿ ವಾಪಸು ಓಡಿ ಬಂದೆವು.

ಹರಿಹರದ ಕಾಲೇಜಿನ ಗುಮಾಸ್ತರು ಕೌಂಟರ್ ಮುಚ್ಚುವುದರಲ್ಲಿದ್ದರು. ಸಿಂಹವನ್ನು ನೋಡಿ ಹುಬ್ಬೇರಿಸಿದರು.

"ಆ ಕಾಲೇಜು ಬಿಟ್ಟು ಬಂದ್ರಾ? ಹಂಗಾದ್ರೆ ಅಲ್ಲಿಂದ ಟಿ.ಸಿ. ತರ್ರಿ."

"ಅಲ್ಲಿ ಸೇರೇ ಇಲ್ಲ ಸಾರ್!"

"ಸೇರದೇ ಕೋಟು ಕೊಡ್ತಾರೇನ್ರಿ?"

"ಕೋಟು ನಾನೇ ಹೊಲಿದಿದ್ದು!"

"ಸುಳ್ಳು ಹೇಳಬ್ಯಾಡ್ರಿ. ಇಷ್ಟು ಚೆಂದ ನಮ್ಮೂರಾಗೆ ಯಾರು ಹೊಲೀತಾರೆ?"

ನನ್ನ ಕಸುಬಿಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಇದು, ಬರಬಾರದ ಹೊತ್ತಿನಲ್ಲಿ ಬಂತು! ಕಾಲರ್ ಮಡಿಚಿ ನನ್ನ ಅಂಗಡಿಯ ಲೇಬಲ್ ತೋರಿಸಿದೆ.

"ಓಹೋ, ಆ ಕಾಲೇಜಿಗೆಲ್ಲ ಕೋಟು ಹೊಲಿದು ಕೊಡೋದು ನೀವೇನಾ?" ಎಂದರು ಗುಮಾಸ್ತರು, ಗೌರವದಿಂದ. ಟಿ.ಸಿ. ಪಟ್ಟು ಮಾತ್ರ ಬಿಡಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ, ಆ ಕಾಲೇಜಿನ ಗುರುತನ್ನೇ ಅಳಿಸುವುದು. ಬ್ಲೇಜರ್ ಬಿಚ್ಚಿಸಿ, ಜೇಬಿನಿಂದ ಸಣ್ಣ ಕತ್ತರಿ ತೆಗೆದು, ಕೌಂಟರಿನ ಮೇಲೇ ಸಿಂಹವನ್ನು ಬಿಚ್ಚತೊಡಗಿದೆ. ಮೊದಲು ಮೀಸೆ ಹೋಯಿತು, ಆಮೇಲೆ ಕೇಸರ, ಆಮೇಲೆ ಬಾಲ. ಸಾಲಿನಲ್ಲಿದ್ದವರು ಸುತ್ತ ನೆರೆದರು. ಇಡೀ ಸಿಂಹ ದಾರದ ಗುಡ್ಡೆಯಾದ ಮೇಲೆ ರೇಖಾ ತನ್ನ ಫೈಲು ಬಿಚ್ಚಿದಳು.

"ಸಾರ್, ಹೈಸ್ಕೂಲಿನ ಒರಿಜಿನಲ್ ಟಿ.ಸಿ. ನನ್ನ ಹತ್ರಾನೇ ಐತೆ. ಅಲ್ಲಿ ಸೇರಿದ್ರೆ ಇದು ಅವರ ಹತ್ರ ಇರ್ತಿತ್ತಲ್ಲ?"

ಗುಮಾಸ್ತರು ತಲೆಯಾಡಿಸಿ ಸೀಲು ಒತ್ತಿಯೇಬಿಟ್ಟರು. ಕಾಮರ್ಸ್ ಸೀಟು ಸಿಕ್ಕಿತು!

"ಮೊದಲೇ ಹೇಳಬಾರದಾಗಿತ್ತೇನೇ?" ಎಂದೆ.

"ಹೇಳಿದ್ದನ್ನ ನೀವು ಯಾವಾಗ ಕೇಳಿದ್ರಿ ಅಪ್ಪಾ?"

ಈಗ ರೇಖಾ ನಡೆದೇ ಕಾಲೇಜಿಗೆ ಹೋಗುತ್ತಾಳೆ, ಖುಷಿಯಾಗಿದ್ದಾಳೆ. ಬ್ಲೇಜರ್ ಹಾಕಿಕೊಂಡು ಗಿರಿಜಾ ಚಳಿಯಲ್ಲಿ ಅಂಗಳಕ್ಕೆ ನೀರು ಹಾಕುತ್ತಾಳೆ. ಆ ದಾರಿಯಲ್ಲೇ ಅಂಗಡಿಗೆ ಹೋಗುವ ರಹಮತ್ ಸಾಬರು ದಿನಾ ಅವಳಿಗೆ, "ಕ್ಲಾಸಿಗೆ ಲೇಟಾಯ್ತಾ ಅಕ್ಕಾ?" ಎನ್ನುತ್ತಾರೆ.

ನಿನ್ನೆ ಗಿರಿಜಾ ತೋಳು ಎತ್ತಿ ತೋರಿಸಿದಳು. "ಬಗಲಲ್ಲಿ ಬಿಗಿ ಆಗ್ತೈತ್ರಿ. ಹೊಲಿಯೋಕೆ ಮುಂಚೆ ಹಾಕ್ಕೊಳ್ಳೋರನ್ನ ಒಂದು ಮಾತು ಕೇಳೋದಲ್ವಾ?"

ನಾನು ಗಂಭೀರವಾಗಿ ಅಳತೆ ಟೇಪು ಹುಡುಕತೊಡಗಿದೆ. ಅದು ನನ್ನ ಕೊರಳಲ್ಲೇ ನೇತಾಡುತ್ತಿತ್ತು!