ಸೂಜಿಯ ಮಾನ

ಕದ್ದು ತಿಂದವನಿಗೆ ಬೈಗುಳ ಬಿದ್ದರೆ ಅದರಲ್ಲೊಂದು ನ್ಯಾಯವಿದೆ. ತಿಂದ ರುಚಿಯಾದರೂ ನಾಲಗೆಯ ಮೇಲಿರುತ್ತದೆ. ನನಗೆ ರುಚಿಯಿಲ್ಲ, ಬೈಗುಳ ಮಾತ್ರ ಹೊಟ್ಟೆತುಂಬ.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಸಕ್ಕರೆ ಕಾಯಿಲೆಗೆ ಮಾತ್ರೆಗಳು ಸಾಲದಾಗಿ ಡಾಕ್ಟರು ಇನ್ಸುಲಿನ್ ಬರೆದುಕೊಟ್ಟ ದಿನ, ಬೇರೆಯವರಾಗಿದ್ದರೆ ಸೂಜಿ ಕಂಡು ಬೆವರುತ್ತಿದ್ದರು. ನಾನು ನಕ್ಕೆ. ಸೂಜಿಗೆ ಹೆದರುವ ದರ್ಜಿಯೂ ಒಬ್ಬ ದರ್ಜಿಯೇ? ಮೊದಮೊದಲು ಇನ್ಸುಲಿನ್ ಕೂಡ ನನ್ನ ಕೈಗುಣಕ್ಕೆ ತಲೆಬಾಗಿ ಸಕ್ಕರೆ ಇಳಿಸಿತು. ಆಮೇಲೆ ಅದೇನಾಯಿತೋ, ಡೋಸ್ ಏರಿಸಿದರೂ ಸಕ್ಕರೆ ಇಳಿಯಲೊಲ್ಲದು. ಕಣ್ಣು ಮಂಜಾಯಿತು. ದಾರ ಪೋಣಿಸಲು ಹೋದರೆ ಒಂದು ಸೂಜಿಗೆ ಎರಡು ಕಣ್ಣು ಕಾಣಿಸುತ್ತಿದ್ದವು. ಕಣ್ಣು ಕೈಕೊಟ್ಟರೆ ದರ್ಜಿ ಬದುಕುವುದು ಹೇಗೆ? ನಿಜ ಹೇಳುತ್ತೇನೆ, ನನಗೆ ಭಯವಾಯಿತು.

ಆದರೆ ನನ್ನ ಹೆಂಡತಿಯ ಘನ ನ್ಯಾಯಾಲಯದಲ್ಲಿ ತೀರ್ಪು ಮೊದಲು, ವಿಚಾರಣೆ ಆಮೇಲೆ.

"ಏನೇನು ಕದ್ದು ತಿಂತಿದ್ದೀರ? ನಿಜ ಹೇಳಿ."

"ದೇವರಾಣೆಗೂ ಏನೂ ತಿಂದಿಲ್ಲ ಕಣೇ."

"ಹಾಗಾದ್ರೆ ಸಕ್ಕರೆ ಗಾಳೀಲಿ ಹಾರಿ ಬರುತ್ತಾ?"

ಸಕ್ಕರೆ ಡಬ್ಬಿ ಬೀರುವಿನೊಳಗೆ ಸೆರೆವಾಸಕ್ಕೆ ಹೋಯಿತು. ಬೀಗದ ಕೈ ಅವಳ ಸೊಂಟ ಸೇರಿತು. ನನ್ನ ಗುಂಡಿ ಡಬ್ಬಿಗಳನ್ನೂ, ಗಿರಾಕಿಗಳ ಕೋಟಿನ ಜೇಬುಗಳನ್ನೂ (ಪಾಪ, ಅವರೇನು ಮಾಡಿದ್ದರು?) ಜಾಲಾಡಿದ್ದಾಯಿತು. ಒಂದು ದಿನ ಅವಳ ಕಣ್ಣು ನನ್ನ ಹೊಕ್ಕಳಿನ ಎಡಕ್ಕೆ, ಅಂಗಿಯೊಳಗೆ ಉಬ್ಬಿದ್ದ ಜಾಗದ ಮೇಲೆ ನೆಟ್ಟಿತು.

"ಏನ್ರೀ ಅದು ಬಚ್ಚಿಟ್ಟಿರೋದು? ತೆಗೀರಿ ಈಚೆಗೆ!"

"ಅದು ನನ್ನ ಹೊಟ್ಟೆ ಕಣೇ!"

"ಒಂದೇ ಕಡೆ ಯಾರಿಗಾದ್ರೂ ಹೊಟ್ಟೆ ಬರುತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೊಟ್ಟೆ ಮುಟ್ಟಿ ನೋಡಿಕೊಂಡೆ. ಬಟ್ಟೆಯೇ ಎಡಗಡೆ ಕುಗ್ಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ನಾನೂ ಹಟಕ್ಕೆ ಬಿದ್ದೆ. ಅವಳ ಕಣ್ಣೆದುರಿಗಲ್ಲದೆ ಒಂದು ತುತ್ತೂ ತಿನ್ನಲಿಲ್ಲ. ಬೆಳಿಗ್ಗೆ ಎದ್ದು ನಡೆದೆ, ಸಾಕ್ಷಿಗೆ ಅವಳನ್ನೂ ನಡೆಸಿದೆ. ಅವಳು ಸಣ್ಣಗಾದಳು, ನನ್ನ ಸಕ್ಕರೆ ಜಗ್ಗಲಿಲ್ಲ. ಇದು ಔಷಧಿಯದೇ ಮೋಸ ಎಂದು ನಿರ್ಧರಿಸಿ, ಇನ್ಸುಲಿನ್ ಚುಚ್ಚುವ ಪೆನ್ನನ್ನು ಕತ್ತಿಯಂತೆ ಹಿಡಿದು ಕ್ಲಿನಿಕ್ಕಿಗೆ ದಂಡೆತ್ತಿ ಹೋದೆ.

ಅಲ್ಲಿನ ನರ್ಸಮ್ಮ ನನ್ನ ರಣಕಹಳೆಯನ್ನೆಲ್ಲ ಕೇಳಿ, "ಎಲ್ಲಿ ಚುಚ್ಕೋತೀರ, ತೋರಿಸಿ ಅಣ್ಣ" ಎಂದರು.

ಅಂಗಿ ಎತ್ತಿ ಹೆಮ್ಮೆಯಿಂದ ತೋರಿಸಿದೆ. "ಇಲ್ಲಿ. ಯಾವಾಗಲೂ ಇಲ್ಲೇ. ಒಂದು ಕೂದಲೆಳೆ ಆಚೀಚೆ ಹೋಗಿಲ್ಲ. ಹೊಲಿಗೆ ಮೇಲೆ ಹೊಲಿಗೆ ಅಂದ್ರೆ ಹೀಗಿರಬೇಕು! ಈಗಂತೂ ನೋವೇ ಆಗಲ್ಲ."

ಅವರು ಬೆರಳಿಟ್ಟು ಒತ್ತಿದರು. "ಎಷ್ಟು ಗಂಟು ಕಟ್ಟಿದೆ ನೋಡಿ! ಈ ಗಂಟಿಗೆ ಹಾಕಿದ ಔಷಧಿ ರಕ್ತಕ್ಕೆ ಸರಿಯಾಗಿ ಸೇರಲ್ಲ. ಪ್ರತಿಸಲ ಜಾಗ ಬದಲಾಯಿಸಿ ಅಂತ ಹೇಳಿದ್ನಲ್ಲ?"

ಹೇಳಿದ್ದರು. ಅದು ಕೈ ನಡುಗುವವರಿಗೆ ಹೇಳಿದ ಮಾತೆಂದು ನಾನು ತಿಳಿದಿದ್ದೆ.

ನರ್ಸಮ್ಮ ಗಂಟನ್ನು ಬಿಟ್ಟು, ಇನ್ನು ಎಲ್ಲೆಲ್ಲಿ ಚುಚ್ಚಬೇಕೆಂದು ಹೊಟ್ಟೆಯ ತುಂಬ ಬರೆಯುವ ಪೆನ್ನಿನಿಂದ ಸೊನ್ನೆಗಳನ್ನು ಬರೆದರು. ಒಳ್ಳೆಯ ಜಾಗದಲ್ಲಿ ಔಷಧಿ ಜೋರಾಗಿ ಕೆಲಸ ಮಾಡುತ್ತದೆಂದು ಡಾಕ್ಟರು ಡೋಸ್ ಇಳಿಸಿ, ಪದೇಪದೇ ಪರೀಕ್ಷೆ ಮಾಡಿಕೊಳ್ಳಲು ಹೇಳಿದರು. ಸಕ್ಕರೆ ತೀರ ಇಳಿದರೆ ಬಾಯಿಗೆ ಹಾಕಿಕೊಳ್ಳಲೆಂದು ನರ್ಸಮ್ಮ ಒಂದು ಸಕ್ಕರೆ ಪೊಟ್ಟಣವನ್ನು ನನ್ನ ಜೇಬಿಗೆ ತುರುಕಿದರು.

ನಿರಪರಾಧಿ! ಬೀದಿಯಲ್ಲಿ ಕುಣಿಯೋಣವೆನ್ನಿಸಿತು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಕಾಲು ನಿಂತಿತು. ಮನೆಯಲ್ಲಿ ಏನೆಂದು ಹೇಳಲಿ? 'ತಿಂದಿಲ್ಲ ಕಣೇ, ಚುಚ್ಚೋಕೆ ಬರಲಿಲ್ಲ' ಎಂದೇ? ದರ್ಜಿಗೆ ಸೂಜಿ ಹಿಡಿಯಲು ಬರುವುದಿಲ್ಲವೆಂದು ಊರೆಲ್ಲ ನಗುವುದಿಲ್ಲವೇ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಸೂಜಿಗೆ ಹೋದ ಮಾನ ಬಂದೀತೇ? ಕೈ ಕೆಟ್ಟದ್ದು ಎನ್ನಿಸಿಕೊಳ್ಳುವುದಕ್ಕಿಂತ ಬಾಯಿ ಕೆಟ್ಟದ್ದು ಎನ್ನಿಸಿಕೊಳ್ಳುವುದೇ ಮೇಲು.

ಬಾಗಿಲಲ್ಲೇ ಹೆಂಡತಿಯಿಂದ ತಪಾಸಣೆ ನಡೆಯಿತು. ಪೊಟ್ಟಣ ಹೊರಬಂತು.

"ಸಿಕ್ಕಿಬಿದ್ರಾ!"

"ಹೌದು ಕಣೇ," ಕೈಮುಗಿದೆ. "ನಾನೇ ಕಳ್ಳ. ಕ್ಷಮಿಸಿಬಿಡು."

ಅವಳು ಗೆದ್ದ ಸಂತೋಷದಲ್ಲಿ ಬೀಗುತ್ತಾಳೆ ಎಂದುಕೊಂಡಿದ್ದೆ. ಬದಲಿಗೆ ಹುಬ್ಬು ಗಂಟಿಕ್ಕಿದಳು. "ಮದುವೆ ಆದಾಗಿಂದ ಒಂದೇ ಒಂದು ತಪ್ಪು ಒಪ್ಪಿಕೊಂಡೋರಲ್ಲ ನೀವು. ಇದರಲ್ಲಿ ಏನೋ ಇದೆ!" ಎನ್ನುತ್ತ ಅಂಗಿ ಎತ್ತಿಯೇಬಿಟ್ಟಳು. ಸೊನ್ನೆಗಳೆಲ್ಲ ಸಾಕ್ಷಿ ಹೇಳಿದವು. ನಾನೂ ಎಲ್ಲವನ್ನೂ ಕಕ್ಕಬೇಕಾಯಿತು.

ಅವಳು ಅಲ್ಲೇ ಕುಸಿದು ಕೂತಳು. "ತಿನ್ನದೇ ಇರೋರನ್ನ ಅಷ್ಟೊಂದು ಬೈದ್ನಲ್ರೀ" ಎಂದು ಕಣ್ಣೊರೆಸಿಕೊಂಡಳು. ಮರುಕ್ಷಣ "ದರ್ಜಿ! ಒಂದೇ ತೂತಿಗೆ!" ಎಂದು ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿದ ಮೇಲೆ, "ಯಾರಿಗೂ ಹೇಳಲ್ಲ ಬಿಡಿ. ನಿಮ್ಮ ಸೂಜಿ ಮಾನ ಕಾಪಾಡೋ ಜವಾಬ್ದಾರಿ ನಂದು" ಎಂದು ಮಾತು ಕೊಟ್ಟಳು.

ಈಗ ಅಂಗಿಗೆ ಗುಂಡಿ ಹಾಕಲು ಬಾರದ ಅವಳೇ ನನ್ನ ಕಟಿಂಗ್ ಮಾಸ್ಟರು. ಪ್ರತಿಸಲವೂ ನನ್ನ ಸೀಮೆಸುಣ್ಣದಿಂದ ನನ್ನದೇ ಹೊಟ್ಟೆಯ ಮೇಲೆ, ಹಿಂದಿನ ಜಾಗದಿಂದ ಬೆರಳಳತೆ ಬಿಟ್ಟು ಗುರುತು ಹಾಕಿ, "ಇವತ್ತು ಇಲ್ಲಿ" ಎಂದು ಅಪ್ಪಣೆ ಕೊಡುತ್ತಾಳೆ. ಸಕ್ಕರೆ ಇಳಿಯುತ್ತಿದೆ. ಸೂಜಿಗೆ ಮತ್ತೆ ಒಂದೇ ಕಣ್ಣು.

ನಿನ್ನೆ ಪ್ಯಾಂಟಿನ ಅಳತೆ ಕೊಡಲು ಬಂದ ಗಿರಾಕಿ ಕೇಳಿದರು: "ಸಕ್ಕರೆ ಹತೋಟಿಗೆ ಬಂತಂತೆ ಮಾಸ್ಟರೇ? ಮೊದಲು ಯಾಕೆ ಇಳೀತಿರಲಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ, ಬೀದಿಯ ಕೊನೆಗೂ ಕೇಳುವ ಹಾಗೆ, ಕೊಟ್ಟ ಮಾತನ್ನು ಉಳಿಸಿಕೊಳ್ಳುವ ದನಿ ಬಂತು: "ಕದ್ದು ತಿಂತಿದ್ರು ಸ್ವಾಮಿ! ಬೀಗ ಹಾಕಿದೆ, ಇಳೀತು!"

"ಛೆ, ಈ ವಯಸ್ಸಲ್ಲಿ ಕದಿಯೋದಾ ಮಾಸ್ಟರೇ?" ಎಂದರು ಗಿರಾಕಿ.

"ಬುದ್ಧಿ ಬಂತು" ಎಂದು ತಲೆ ತಗ್ಗಿಸಿದೆ. ದಾರ ಮೊದಲ ಸಲಕ್ಕೇ ಸೂಜಿಯೊಳಗೆ ಹೋಯಿತು.